ಮಲಂಗಸಾಬ ನುಂಗಿದ ಹೆಸರು

ಹಾಜಿಮಲಂಗ್ ಮುಲ್ಲಾ ಎಂದು ಕೇಳಿದರೆ ಸುಲೇಪೇಟದಲ್ಲಿ ಒಬ್ಬರೂ ಮನೆ ತೋರಿಸಲಿಕ್ಕಿಲ್ಲ. ಮಲಂಗಸಾಬ ಎನ್ನಬೇಕು. ಆಗ ಬಸ್ಸಿಗೆ ಕಾಯುತ್ತ ನಿಂತವರೂ ಕೈ ಮಾಡಿ ಓಣಿ ತೋರಿಸುತ್ತಾರೆ. ಅರವತ್ತೆರಡರ ವಯಸ್ಸು, ಸಣಕಲು ಮೈ, ಕಿವಿ ಹತ್ತಿರ ಒಯ್ದರೆ ಮಾತ್ರ ಕೇಳುವಷ್ಟು ಮೆಲ್ಲನೆಯ ದನಿ. ಎರಡೆಕರೆ ತೊಗರಿ ಹೊಲವಿದೆ. ಅದರ ರಾಶಿ ಮುಗಿದ ಮೇಲೆ ಅವರ ಇನ್ನೊಂದು ಕೆಲಸ ಶುರುವಾಗುತ್ತದೆ. ಸುತ್ತಲ ಹಳ್ಳಿಗಳಿಗೆ ಹೋಗಿ ಹರಕೆಯ ಆಡು ಕೊಯ್ದು ಕೊಡುವುದು.

ನಮ್ಮ ಕಡೆ ಹಿಂದೂಗಳೂ ದರ್ಗಾಕ್ಕೆ ಹರಕೆ ಹೊರುತ್ತಾರೆ. ಹರಕೆ ಫಲಿಸಿದರೆ ಆಡು ಕೊಯ್ದು ಊರಿಗೆ ಉಣಿಸುತ್ತಾರೆ. ಅದಕ್ಕೆ ಕಂದೂರಿ ಎಂದು ಹೆಸರು. ಕಂದೂರಿಯ ಆಡಿಗೆ ಮನೆಯವರು ಚೂರಿ ಹಚ್ಚುವಂತಿಲ್ಲ. ಮುಲ್ಲಾ ಬರಬೇಕು, ಬಿಸ್ಮಿಲ್ಲಾ ಎಂದು ದೇವರ ಹೆಸರು ಹೇಳಿ ಕೊಯ್ಯಬೇಕು, ಅಡುಗೆಯಾದ ಮೇಲೆ ಸಕ್ಕರೆ ಓದಿ, ಎಂದರೆ ಸಕ್ಕರೆಯ ತಟ್ಟೆ ಮುಂದಿಟ್ಟುಕೊಂಡು ಪ್ರಾರ್ಥನೆ ಹೇಳಿ, ಮೊದಲ ತುತ್ತು ತಾವೇ ಬಾಯಿಗೆ ಹಾಕಬೇಕು. ಮುಲ್ಲಾ ಉಂಡರೆ ಮುಸಲ್ಮಾನರ ಸಾಲು ಉಣ್ಣುತ್ತದೆ, ಆಮೇಲೆ ಮನೆಯವರ ಸಾಲು. ಮೂರನೆಯದೊಂದು ಸಾಲೂ ಉಂಟು. ಅದು ಮಾಂಸ ಮುಟ್ಟದವರದು. ಅವರಿಗೆ ಚಪಾತಿ ಮುರಿದು ಬೆಲ್ಲ, ತುಪ್ಪ ಕಲಸಿದ ಮಾಲ್ದಿ.

ನಾನು ಆ ಮೂರನೆಯ ಸಾಲಿನವನು. ನಿವೃತ್ತ ಮಾಸ್ತರ, ಲಿಂಗಾಯತರ ಮನೆ. ತತ್ತಿಯ ವಾಸನೆ ಬಂದರೆ ನನ್ನ ಹೆಂಡತಿ ಓಣಿ ಬದಲಿಸಿ ನಡೆಯುತ್ತಾಳೆ. ಆದರೂ ಹನ್ನೆರಡು ವರ್ಷಗಳಿಂದ ಮಲಂಗಸಾಬರನ್ನು ಮೋಟಾರ್ ಸೈಕಲ್ ಮೇಲೆ ಕೂರಿಸಿಕೊಂಡು ಹಳ್ಳಿಹಳ್ಳಿಗೆ ಹೋಗುವವನು ನಾನೇ. ಅವರಿಗೆ ಗಾಡಿ ಬರುವುದಿಲ್ಲ, ನನಗೆ ಮನೆಯಲ್ಲಿ ಹೊತ್ತು ಹೋಗುವುದಿಲ್ಲ, ಮೇಲಾಗಿ ಮಾಲ್ದಿಯ ಆಸೆ. ಕೊಯ್ಯುವಾಗ ನಾನು ದೂರ ಗಿಡದ ನೆರಳಿಗೆ ಹೋಗಿ ಬೆನ್ನು ಮಾಡಿ ಕೂರುತ್ತೇನೆ. ಮನೆಗೆ ಬಂದರೆ ಅಂಗಳದಲ್ಲೇ ತಲೆಯ ಮೇಲೆ ನೀರು, ಅದಾದ ಮೇಲೆಯೇ ಹೊಸ್ತಿಲು ದಾಟುವುದು.

ಒಮ್ಮೆ ದಾರಿಯಲ್ಲಿ ನಾನು ಉಪದೇಶ ಶುರು ಮಾಡಿದ್ದೆ. ಮಾಸ್ತರಕಿ ಬಿಟ್ಟರೂ ಆ ಚಟ ಬಿಟ್ಟಿಲ್ಲ. ಒಂದು ಜೀವ ತೆಗೆದು ಹೊಟ್ಟೆ ತುಂಬಿಕೊಳ್ಳುವುದು ಯಾವ ನ್ಯಾಯ ಎಂದೆ. ಮಲಂಗಸಾಬ, ನಿಮ್ಮ ಎಮ್ಮೆ ಹೋದ ವರ್ಷ ಕೋಣಗರು ಹಾಕಿತ್ತಲ್ಲ, ಅದು ಈಗ ಎಲ್ಲಿದೆ ಎಂದು ಕೇಳಿದರು. ಅದನ್ನು ನಾನು ಸಂತೆಯಲ್ಲಿ ಮಾರಿದ್ದೆ. ಕೊಂಡವನು ಏನು ಮಾಡುತ್ತಾನೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ಗಾಡಿಯ ವೇಗ ಹೆಚ್ಚಿಸಿದೆ.

“ನಾ ಅದರ ಮಾರಿ ನೋಡಿ ಕೊಯ್ತೀನ್ರಿ ಮಾಸ್ತರ್ರೆ,” ಅಂದರು ಹಿಂದಿನಿಂದ. “ನೀರು ಕುಡಸ್ತೀನಿ, ಚೂರಿ ಅದಕ್ಕ ತೋರ್ಸಂಗಿಲ್ಲ. ಆ ಜೀವ ನಂದಲ್ಲ. ಅದರ ಮಾಲಕನ್ನ ಕೇಳಿ ತಗೋತೀನಿ. ಹೆಸರು ಹೇಳೋದಂದ್ರ ಕೇಳೋದು, ಅಷ್ಟೇ. ಕೇಳದೆ ತಗೊಂಡ್ರ ಅದು ಖೂನಿ.”

ಆ ಮಾತು ನನಗೆ ಹಿಡಿಸಲಿಲ್ಲ, ಆದರೆ ಮರೆಯಲೂ ಇಲ್ಲ.

ಮೂರ್ನಾಲ್ಕು ವರ್ಷಗಳ ಹಿಂದೆ ಹಲಾಲ್ ಬೇಕೋ ಬೇಡವೋ ಎಂದು ಟಿವಿಯಲ್ಲಿ ಗಲಾಟೆ ಎದ್ದಿತಲ್ಲ, ಆಗಿನಿಂದ ಮಲಂಗಸಾಬರಿಗೆ ಕರೆ ಬರುವ ಹಳ್ಳಿಗಳು ಹನ್ನೊಂದರಿಂದ ನಾಲ್ಕಕ್ಕೆ ಇಳಿದವು. ಅದನ್ನು ಅವರು ನುಂಗಿಕೊಂಡರು. ಹೆದರಿದ್ದು ಆಮೇಲೆ, ಶಹಾಬಾದದಲ್ಲಿ ಮಾಂಸದಂಗಡಿ ಇಟ್ಟಿದ್ದ ಅವರ ತಂಗಿಯ ಮಗ ಮತೀನನ ಗತಿ ಕಂಡ ಮೇಲೆ. ಮತೀನ ಆಡು ಕೊಯ್ಯುವುದನ್ನು ಯಾರೋ ಮೊಬೈಲಿನಲ್ಲಿ ತೆಗೆದರು. ಅದಕ್ಕೆ ಇನ್ಯಾರದೋ ದನಿ ಸೇರಿಸಿ, ಇದು ಆಕಳು ಎಂದು ಹೇಳಿ ಹರಿಬಿಟ್ಟರು. ಆಡೇ ಎಂದು ಸಾಬೀತಾಗುವಷ್ಟರಲ್ಲಿ ಎರಡು ದಿನ ಅವನನ್ನು ಠಾಣೆಯಲ್ಲಿ ಕೂರಿಸಿದ್ದರು, ಅಂಗಡಿಯ ಬಾಗಿಲು ಮುರಿದಿತ್ತು. ಇವತ್ತಿಗೂ ಮತೀನ, ಬಾಗಿಲು ಬಡಿದವರ ಹೆಸರು ಎರಡು ಸಲ ಕೇಳದೆ ಚಿಲಕ ತೆಗೆಯುವುದಿಲ್ಲ.

ಅಲ್ಲಿಂದ ಮಲಂಗಸಾಬರಿಗೆ ಮೊಬೈಲ್ ಕಂಡರೆ ಎದೆ ನಡುಗುತ್ತಿತ್ತು. ಬಸ್ಸಿನಲ್ಲಿ ಎದುರು ಕೂತವನು ಮೊಬೈಲ್ ಎತ್ತಿದರೆ ಟವೆಲಿನಿಂದ ಮುಖ ಒರೆಸಿಕೊಳ್ಳುವವರಂತೆ ಮಾಡುತ್ತಿದ್ದರು. ಮದುವೆಯಲ್ಲಿ ಫೋಟೊ ತೆಗೆಯುವಾಗ ಎಲ್ಲರಿಗಿಂತ ಹಿಂದೆ. ಅವರ ಹೆಂಡತಿ ಹಸೀನಾಬೇಗಂ ನನ್ನ ಹತ್ತಿರ ಬಂದು, ಈ ಕೆಲಸ ಸಾಕು ಅಂತ ನೀವಾದರೂ ಅವರಿಗೆ ಹೇಳಿ ಎಂದು ಕಣ್ಣೀರು ಹಾಕಿದ್ದುಂಟು. ನನಗೆ ಮಾತ್ರ ಇದೊಂದು ಚೇಷ್ಟೆಯ ವಸ್ತುವಾಗಿತ್ತು. ನಿಮ್ಮ ಮಾರಿ ಯಾರಿಗೆ ಬೇಕಾಗಿದೆ, ನೀವೇನು ಸಿನಿಮಾದವರೇ ಎಂದು ಕಾಡುತ್ತಿದ್ದೆ. ಕೊನೆಗೆ ದೊಡ್ಡಸ್ತಿಕೆಯಿಂದ ಒಂದು ಮಾತು ಸೇರಿಸುತ್ತಿದ್ದೆ: “ನಾ ಅದೀನಲ್ಲ ನಿಮ್ಮ ಬಾಜೂಕ. ಯಾರು ಏನು ಮಾಡ್ತಾರ?”

ಈ ವರ್ಷ ಫೆಬ್ರುವರಿಯಲ್ಲಿ ಆಡಕಿಯ ಕಡೆಯಿಂದ ಕರೆ ಬಂತು. ಕರೆದವರು ಭೀಮಬಾಯಿ, ಮಲಂಗಸಾಬರಿಗೆ ಅಕ್ಕನ ಸಮಾನ. ಆಕೆಯ ಮದುವೆಯ ಊಟಕ್ಕೆ ಆಡು ಕೊಯ್ದವರು ಇವರ ತಂದೆ. ಆಕೆಯ ಒಬ್ಬನೇ ಮಗ ಅಂಬಾರಾಯ ಪುಣೆಯಲ್ಲಿ ಕಟ್ಟಡದ ಕೆಲಸ ಮಾಡುವಾಗ ಮೂರನೆಯ ಅಂತಸ್ತಿನಿಂದ ಬಿದ್ದಿದ್ದ. ಕಾಲು ತೆಗೆಯಬೇಕಾದೀತು ಎಂದಿದ್ದರು ಡಾಕ್ಟರು. ಕಾಲು ಉಳಿದರೆ ಕಂದೂರಿ ಮಾಡುತ್ತೇನೆಂದು ತಾಯಿ ಹೊಲದ ಬದಿಯ ದರ್ಗಾಕ್ಕೆ ಬೇಡಿಕೊಂಡಿದ್ದರು. ಕಾಲು ಉಳಿಯಿತು. ಒಳಗೆ ರಾಡು ಹಾಕಿದ್ದರು, ಬಸ್ಸಿನಲ್ಲಿ ಬರುವ ಹಾಗಿರಲಿಲ್ಲ. ಹಾಗಾಗಿ ಅಂಬಾರಾಯ ಇಲ್ಲದೆಯೇ ಅಂಬಾರಾಯನ ಹರಕೆ.

ನಾವು ಹೋದಾಗ ಹೊಲದ ತುಂಬ ಜನ. ತೊಗರಿ ಬಡಿದು ಮುಗಿದಿತ್ತು, ಅದರ ಕಟ್ಟಿಗೆಯ ಬಣವೆ ಒಂದು ಬದಿಗೆ, ಇನ್ನೊಂದು ಬದಿಗೆ ಮೂರು ಒಲೆ. ನಾನು ಎಂದಿನಂತೆ ಬೇವಿನ ಗಿಡದ ಕೆಳಗೆ ಬೆನ್ನು ಮಾಡಿ ಕೂತೆ. ಆಡು ಎರಡು ಸಲ ಕೂಗಿತು. ಆಮೇಲೆ ಕೂಗಲಿಲ್ಲ. ಆಯಿತೆಂದುಕೊಂಡು ನಾನು ಮಾಲ್ದಿಯ ಪಾತ್ರೆ ಎಲ್ಲಿದೆ ಎಂದು ಹುಡುಕತೊಡಗಿದೆ.

ಸ್ವಲ್ಪ ಹೊತ್ತಿಗೆ ಮಲಂಗಸಾಬ ಬಂದರು. ತೊಳೆದ ಚೂರಿಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ನನ್ನ ರಟ್ಟೆ ಹಿಡಿದು ಬಣವೆಯ ಹಿಂದೆ ಕರೆದುಕೊಂಡು ಹೋದರು. ಅವರು ನನ್ನ ರಟ್ಟೆ ಹಿಡಿದದ್ದು ಹನ್ನೆರಡು ವರ್ಷಗಳಲ್ಲಿ ಅದೇ ಮೊದಲು.

“ನಿಮಗೊಬ್ಬರಿಗೇ ಹೇಳ್ತೀನ್ರಿ. ನೀವು ಉಣ್ಣಾವರಲ್ಲ, ನಿಮಗ ಇದರ ಪಾಪ ಹತ್ತಂಗಿಲ್ಲ,” ಅಂದರು. “ನಾ ಹೆಸರು ಹೇಳಲಿಲ್ಲ.”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಎದುರಿಗೆ ಒಬ್ಬ ಅಪರಿಚಿತ ಗಂಡಸು, ಮೂವತ್ತರ ಪ್ರಾಯ, ಹಣೆಗೆ ಉದ್ದನೆಯ ಕುಂಕುಮ, ಮೊಬೈಲ್ ಎತ್ತಿ ಹಿಡಿದು ನಿಂತಿದ್ದನಂತೆ. ಯಾರ ಪೈಕಿ, ಯಾವ ಊರು, ಒಂದೂ ಗೊತ್ತಿಲ್ಲ. ಹೊಲಕ್ಕೆ ಬಂದಾಗ ನಾನೂ ದೂರದಿಂದ ಅವನನ್ನು ನೋಡಿದ್ದೆ, ಲಕ್ಷ್ಯ ಕೊಟ್ಟಿರಲಿಲ್ಲ. ಮಲಂಗಸಾಬರಿಗೆ ಮತೀನ ನೆನಪಾಗಿರಬೇಕು, ಮುರಿದ ಬಾಗಿಲು ನೆನಪಾಗಿರಬೇಕು. ಬಿಸ್ಮಿಲ್ಲಾ ಎಂದ ದನಿ ಆ ಮೊಬೈಲಿನೊಳಗೆ ಹೋದರೆ ಎಲ್ಲಿಗೆ ಮುಟ್ಟೀತು, ಅದಕ್ಕೆ ಇನ್ನೇನು ಸೇರೀತು?

ಮರೆತಿದ್ದೀರಿ, ಅಷ್ಟೇ, ಸುಮ್ಮನಿರಿ ಎಂದೆ. ನೀವು ಯಾವಾಗಲೂ ಗೊಣಗುವವರೇ, ಯಾರಿಗೆ ಕೇಳಿಸುತ್ತದೆ? ಇನ್ನೂರು ಜನ ಹಸಿದು ಕೂತಿದ್ದಾರೆ, ಈಗ ಬಾಯಿ ಬಿಟ್ಟರೆ ಏನಾಗುತ್ತದೆಂದು ಯೋಚನೆ ಮಾಡಿ ಎಂದೆ. ನನಗೂ ಭಯ ಹುಟ್ಟಿತ್ತು. ಆಡು ಕೆಡಿಸಿದ ಮುಲ್ಲಾ ಎಂಬ ಮಾತು ಹಬ್ಬಿದರೆ ಇವರಿಗೆ ಏಟು ಬೀಳಬಹುದು. ಇವರನ್ನು ಕರೆತಂದವನು ನಾನು.

“ಮರತಿದ್ರ ಮಾಫಿ ಅದರಿ,” ಅಂದರು ಮಲಂಗಸಾಬ. “ಬೇಕಂತ ಬಿಟ್ಟಿದ್ರ ಹರಾಮ. ನಮ್ಮಪ್ಪ ಇದನ್ನೇ ಮೊದಲ ಕಲಿಸಿದ್ದು. ಮರತೀನೋ ಬಿಟ್ಟೀನೋ, ನನಗೇ ತಿಳೀವಲ್ದು. ಮೊಬೈಲ್ ಕಂಡಿತು, ಆಮ್ಯಾಗ ರಕ್ತ ಕಂಡಿತು. ನಡಕ ಏನಾತು ನೆನಪಿಲ್ಲ.”

ಆಗ ನನಗೇ ಹೊಳೆಯಿತು, ನಡುವೆ ಏನಾಯಿತೆಂಬುದು ಆ ಮೊಬೈಲಿನಲ್ಲಿದೆ. ಹೇಳಬಾರದಿತ್ತೇನೋ. ಹೇಳಿಬಿಟ್ಟೆ. ಯಾವುದನ್ನು ಕಂಡು ನಡುಗಿದ್ದರೋ ಅದನ್ನೇ ಈಗ ಕೇಳಿ ಪಡೆಯಬೇಕು. ಮಲಂಗಸಾಬ ಚೂರಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟರು. ಆಮೇಲೆ, ತರ್ರಿ ಎಂದರು.

ಆ ಮನುಷ್ಯ ಒಲೆಯ ಹತ್ತಿರ ಉಳ್ಳಾಗಡ್ಡಿ ಹೆಚ್ಚುತ್ತಿದ್ದ. ನಾನು ಗಂಟಲು ಸರಿಮಾಡಿಕೊಂಡು ಕೇಳಿದೆ. ಅವನು ತಕ್ಷಣ ಕೈ ಒರೆಸಿಕೊಂಡು ಮೊಬೈಲ್ ಕೊಟ್ಟ. ಹೆಸರು ಮೈಲಾರಿ, ಅಂಬಾರಾಯನ ಹೆಂಡತಿ ಸುಮಂಗಲಾಳ ತಮ್ಮ, ವಾಡಿಯಲ್ಲಿ ಲಾರಿ ಓಡಿಸುತ್ತಾನೆ. ಬರಲಾಗದ ಭಾವ ಪುಣೆಯಲ್ಲಿ ಕೂತು ಕಂದೂರಿ ನೋಡಲಿ ಎಂದು ಅಕ್ಕ ವಿಡಿಯೋ ತೆಗೆಯಲು ಹೇಳಿದ್ದಳು. ಇಷ್ಟೇ ವಿಷಯ. ಮಾಸ್ತರರೇ, ಚೆನ್ನಾಗಿ ಬಂದಿದೆ ನೋಡಿ ಎಂದು ಅವನು ಹುರುಪಿನಿಂದ ಹೇಳಿದ. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಬಣವೆಯ ಹಿಂದೆ ಇಬ್ಬರೂ ತಲೆ ಹಚ್ಚಿ ನೋಡಿದೆವು. ಜೀವ ಹೋಗುವುದನ್ನು ನಾನು ಜನ್ಮದಲ್ಲಿ ಮೊದಲ ಸಲ ನೋಡಿದ್ದು ಹಾಗೆ, ಅಂಗೈಯಷ್ಟು ಅಗಲದಲ್ಲಿ. ಮಲಂಗಸಾಬ ಆಡಿಗೆ ನೀರು ಕುಡಿಸಿದರು, ಬೆನ್ನು ಸವರಿದರು, ಪಡುವಣಕ್ಕೆ ಮುಖ ಮಾಡಿ ಮಲಗಿಸಿದರು. ತಲೆ ಎತ್ತಿದರು. ನೇರ ನಮ್ಮನ್ನೇ ನೋಡಿದರು. ತುಟಿ ಬಿಚ್ಚಿತು. ಇನ್ನೊಮ್ಮೆ ನಮ್ಮನ್ನು ನೋಡಿದರು. ತುಟಿ ಮುಚ್ಚಿತು. ಗಂಟಲ ಗಂಟು ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು. ಆಮೇಲೆ ಚೂರಿ.

ಮರೆತವನ ಮುಖ ಹಾಗಿರುವುದಿಲ್ಲ ಎಂದು ನನ್ನಂಥ ದಡ್ಡನಿಗೂ ತಿಳಿಯಿತು. ಮಲಂಗಸಾಬ ಮೊಬೈಲ್ ನನ್ನ ಕೈಗಿಟ್ಟು, ಹೆಗಲ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡರು. “ಖೂನಿ ಆತು,” ಅಂದರು ಅದರೊಳಗಿಂದ.

ನಾನು ಮೊಬೈಲನ್ನು ಮೈಲಾರಿಗೆ ಮರಳಿಸಿದೆ. ಅಡುಗೆಯಾಗಿ ಸಾಲುಗಳು ಕೂತವು. ಮುಸಲ್ಮಾನರ ಸಾಲಿನ ತುದಿಗೆ ಆಡಕಿಯ ಹಿರಿಯರಾದ ಅಬ್ದುಲ್ ಕರೀಮ್, ಅವರ ಪಕ್ಕದ ಜಾಗ ಮುಲ್ಲಾನದು. ರೊಟ್ಟಿ ಬಂತು, ಖಾರದ ಸಾರು ಬಂತು. ಭೀಮಬಾಯಿ ಸೆರಗು ತಲೆಯ ಮೇಲೆ ಎಳೆದುಕೊಂಡು ಸಕ್ಕರೆಯ ತಟ್ಟೆ ತಂದು ಮಲಂಗಸಾಬರ ಮುಂದಿಟ್ಟರು. ಇನ್ನೂರು ಜನ ಒಂದು ತುತ್ತಿಗೆ ಕಾಯುತ್ತಿದ್ದರು. ನಾನು ಮಾಲ್ದಿಯ ಸಾಲಿನಿಂದ ಕಣ್ಣಲ್ಲೇ ಅವರಿಗೆ ಹೇಳುತ್ತಿದ್ದೆ: ಉಣ್ಣಿರಿ, ಸುಮ್ಮನೆ ಉಣ್ಣಿರಿ. ಅವರ ಕೈ ತಟ್ಟೆಯವರೆಗೆ ಹೋಯಿತು. ಬೆರಳು ರೊಟ್ಟಿಗೆ ತಾಗಿತು. ಅಲ್ಲೇ ನಿಂತಿತು.

ಮಲಂಗಸಾಬ ಎದ್ದು ನಿಂತರು. ಈ ಆಡು ಹಲಾಲ್ ಆಗಿಲ್ಲ ಎಂದರು. ನನ್ನ ತಪ್ಪು, ಹೆಸರು ಬಾಯಿಗೆ ಬಂದಿತ್ತು, ಮೊಬೈಲ್ ಕಂಡು ಅಂಜಿ ನುಂಗಿದೆ ಎಂದರು. ಅಷ್ಟು ಮೆಲ್ಲನೆಯ ದನಿ ಇಡೀ ಹೊಲಕ್ಕೆ ಹೇಗೆ ಕೇಳಿಸಿತೋ, ಕೇಳಿಸಿತು.

ಕರೀಮ್ ಸಾಬರು ತಟ್ಟೆಯಿಂದ ಕೈ ತೆಗೆದರು. ಸಾಲಿನುದ್ದಕ್ಕೂ ಕೈಗಳು ಹಿಂದೆ ಸರಿದವು. ಮನೆಯವರ ಸಾಲಿನಲ್ಲಿ ಗುಜುಗುಜು ಎದ್ದಿತು. ಹರಕೆ ಕೆಟ್ಟಿತು ಎಂದ ಒಬ್ಬ. ಇನ್ನೊಬ್ಬ ಎದ್ದು ಅಂಗಿಯ ತೋಳು ಮೇಲೆ ಸರಿಸಿದ. ಸುಮಂಗಲಾ ಎರಡೂ ಕೈಯಲ್ಲಿ ಕೆನ್ನೆ ಹಿಡಿದುಕೊಂಡಳು. ಎಲ್ಲರಿಗಿಂತ ಹೆಚ್ಚು ಹೆದರಿದ್ದು ಭೀಮಬಾಯಿ. ಆಕೆಯ ಮುಖ ನೋಡಿದರೆ ಮಗ ಈಗಷ್ಟೇ ಇನ್ನೊಮ್ಮೆ ಬಿದ್ದಿದ್ದಾನೆ ಎನ್ನಬೇಕು. ಆಕೆ ಬಂದು ಮಲಂಗಸಾಬರ ಎದುರು ನಿಂತರು. ಹೊಡೆಯುತ್ತಾರೆಂದೇ ನಾನು ತಿಳಿದೆ.

“ನಮ್ಮ ಹೊಲದಾಗ ನಿನಗ ಯಾರ ಅಂಜಿಕಿ, ತಮ್ಮಾ?”

ಮಲಂಗಸಾಬ ಮೈಲಾರಿಯನ್ನು ನೋಡಿದರು, ಮತ್ತೆ ನೆಲ ನೋಡಿದರು. ಆಗಲೇ ಮೈಲಾರಿಗೆ ಎಲ್ಲ ತಿಳಿದದ್ದು. ಉಳ್ಳಾಗಡ್ಡಿಯ ಕೈಯಲ್ಲೇ ಹಣೆ ಮುಟ್ಟಿಕೊಂಡ, ಮೊಬೈಲ್ ತೆಗೆದು ಕಿಸೆಗೆ ಹಾಕಿಕೊಳ್ಳಹೋದ. ಅವನ ಕಣ್ಣಲ್ಲಿ ನೀರು ಬಂದಿತ್ತು, ಉಳ್ಳಾಗಡ್ಡಿಯದಲ್ಲ.

“ಕಿಸೇದಾಗ ಇಡಬ್ಯಾಡ. ಹೊರಗ ತೆಗಿ,” ಅಂದರು ಭೀಮಬಾಯಿ. ಆಮೇಲೆ ಮಲಂಗಸಾಬರಿಗೆ: “ನನಗೂ ಅಂಜಿಕಿ ಅದ. ನನ್ನ ಮಗನ ಕಾಲು ಈ ಹರಕಿ ಮ್ಯಾಗ ನಿಂತದ. ಇನ್ನೊಮ್ಮೆ ಮಾಡು. ಹೆಸರು ಗಟ್ಟಿ ಹೇಳು, ಪುಣೇಕ ಕೇಳಲಿ.”

ಹೊಲದ ಗುಡಿಸಲ ಹಿಂದೆ ಒಂದು ಹುಂಜವಿತ್ತು, ಸುಮಂಗಲಾ ಮರಿಯಿದ್ದಾಗಿನಿಂದ ಕೈಯಾರೆ ಕಾಳು ಹಾಕಿ ಬೆಳೆಸಿದ್ದು. ಅದನ್ನೇ ತಂದಳು, ಮುಖ ತಿರುಗಿಸಿಕೊಂಡು ಕೊಟ್ಟಳು. ಬೆಂದ ಆಡನ್ನು ಚೆಲ್ಲಬೇಕೆಂದು ಯಾರೋ ಅಂದಾಗ ಭೀಮಬಾಯಿ ಒಪ್ಪಲಿಲ್ಲ. ಅದು ಜೀವ ಕೊಟ್ಟಿದೆ, ಚೆಲ್ಲಿದರೆ ಸುಮ್ಮನೆ ಸತ್ತ ಹಾಗಾಗುತ್ತದೆ, ನಮ್ಮ ಸಾಲು ಉಣ್ಣಲಿ, ಕರೀಮಣ್ಣನ ಕಡೆಯವರು ಮಾಸ್ತರರ ಸಾಲಿನಲ್ಲಿ ಕೂತು ಮಾಲ್ದಿ ಉಣ್ಣಲಿ ಎಂದರು. ಕರೀಮ್ ಸಾಬರು ಆಗಲಿ ಎಂದು ತಲೆಯಾಡಿಸಿದರು. ತೋಳು ಸರಿಸಿದ್ದವನು ಕೂತ.

ಮಲಂಗಸಾಬ ಹುಂಜವನ್ನು ಕಂಕುಳಲ್ಲಿ ಹಿಡಿದು ಬಣವೆಯ ಮುಂದೆ ಕೂತರು. ಎದುರಿಗೆ ಮೈಲಾರಿ ಮೊಬೈಲ್ ಎತ್ತಿದ. ಮಲಂಗಸಾಬ ತಿರುಗಿ ನನ್ನನ್ನು ಹುಡುಕಿದರು.

“ಇವತ್ತ ಬಾಜೂಕ ನಿಂದ್ರಿ ಮಾಸ್ತರ್ರೆ,” ಅಂದರು.

ಹೋದೆ. ಅವರ ಎಡಕ್ಕೆ ನಿಂತೆ. ಜೀವ ತೆಗೆಯುವ ಜಾಗಕ್ಕೆ ಅಷ್ಟು ಹತ್ತಿರ ನಾನು ಎಂದೂ ನಿಂತವನಲ್ಲ. ಹುಂಜದ ಕಣ್ಣು ಪಿಳಪಿಳ ಎನ್ನುತ್ತಿತ್ತು. ಮಲಂಗಸಾಬ ಅದಕ್ಕೆ ಬೆರಳಿನಿಂದ ನೀರು ಕುಡಿಸಿದರು. ಆಮೇಲೆ ತಲೆ ಎತ್ತಿ ಮೊಬೈಲನ್ನೇ ನೋಡುತ್ತ ಹೆಸರು ಹೇಳಿದರು. ಗಟ್ಟಿಯಾಗಿ ಹೇಳಿದರು. ದನಿ ಒಡೆದು ನಡುಗಿತು, ಆದರೆ ಒಂದಕ್ಷರವನ್ನೂ ನುಂಗಲಿಲ್ಲ. ಬೇವಿನ ಗಿಡದ ಕಾಗೆಗಳು ಎದ್ದುಹೋದವು. ಭೀಮಬಾಯಿ ಕೈ ಮುಗಿದರು.

ಹುಂಜ ಬೆಂದು, ಸಕ್ಕರೆ ಓದಿ, ಮುಲ್ಲಾನ ಮೊದಲ ತುತ್ತಾಗಿ ಊಟ ಮುಗಿಯಿತು. ಮರಳಿ ಬರುವಾಗ ನಾನು ಎಂದಿನಂತೆ ಮಾತಾಡಿದೆ. ಇಷ್ಟೇ ನೋಡಿ, ಸುಮ್ಮನೆ ಹೆದರಿದಿರಿ ಎಂದೆ. ಅವರ ಮುಖ, ಅವರ ದನಿ, ಅವರ ಕೈಯ ಚೂರಿ ಎಲ್ಲ ಈಗ ಒಬ್ಬರ ಮೊಬೈಲಿನಲ್ಲಿತ್ತು. ಅದು ಪುಣೆಗೆ ಹೋಗುತ್ತದೆ, ಪುಣೆಯಿಂದ ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು? ಓಣಿಯ ಬಾಯಿಯಲ್ಲಿ ಇಳಿದಾಗ ಅವರು ಎರಡೂ ಕಡೆ ನೋಡಿ, ಟವೆಲಿನಿಂದ ಮುಖ ಒರೆಸಿಕೊಂಡು, ಗೋಡೆಯ ಬದಿಗೆ ಹೋದರು. ನಾನು ಮನೆಗೆ ಬಂದು ಅಂಗಳದಲ್ಲಿ ಸ್ನಾನ ಮಾಡಿದೆ.

ನಾಲ್ಕು ದಿನ ಬಿಟ್ಟು ಮೈಲಾರಿ ಆ ಎರಡನೆಯ ವಿಡಿಯೋ ನನಗೆ ಕಳಿಸಿದ. ಭಾವ ನೋಡಿ ಅತ್ತರು, ನೀವೂ ಇಟ್ಟುಕೊಳ್ಳಿ ಎಂದು ಬರೆದಿದ್ದ. ಮಲಂಗಸಾಬರಿಗೂ ಅವರ ಮನೆಯವರ ಮೊಬೈಲಿಗೆ ಕಳಿಸಿದ್ದಾನಂತೆ. ನಾನು ಬಾಗಿಲು ಹಾಕಿಕೊಂಡು ನೋಡಿದೆ. ಶುರುವಿನಲ್ಲಿ ಮಲಂಗಸಾಬರ ಎಡಕ್ಕೆ ನನ್ನ ಬಿಳಿ ಅಂಗಿ ಕಾಣುತ್ತದೆ, ಮುಖವೂ ಅರ್ಧ ಕಾಣುತ್ತದೆ. ಅವರು ನೀರು ಕುಡಿಸುವಾಗ ಆ ಅಂಗಿ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಅವರು ತಲೆ ಎತ್ತುವಾಗ ಇನ್ನೊಂದು ಹೆಜ್ಜೆ. ನಾನು ಸರಿದದ್ದು ಆ ಹೊತ್ತಿನಲ್ಲಿ ನನಗೆ ತಿಳಿದಿರಲಿಲ್ಲ ಎಂದು ಬರೆಯಬಹುದು. ತಿಳಿದಿತ್ತು. ನಮ್ಮವರು ನೋಡಿದರೆ ಏನನ್ನುತ್ತಾರೆ, ಇದನ್ನು ಯಾರಾದರೂ ಎಲ್ಲಾದರೂ ಹಾಕಿದರೆ ನನ್ನನ್ನು ಯಾರ ಜೊತೆ ಸೇರಿಸುತ್ತಾರೆ ಎಂದು ನಾನು ಲೆಕ್ಕ ಹಾಕಿ ಸರಿದಿದ್ದೆ.

ಮಲಂಗಸಾಬರ ತುಟಿ ಬಿಚ್ಚುವ ಹೊತ್ತಿಗೆ ಅವರ ಎಡಕ್ಕೆ ತೊಗರಿ ಕಟ್ಟಿಗೆಯ ಬಣವೆ ಮಾತ್ರ ಇದೆ.

ಹೋದ ವಾರ ತೆಂಗಳಿಯಿಂದ ಇನ್ನೊಂದು ಕಂದೂರಿಯ ಕರೆ ಬಂದಿದೆ. ಮಲಂಗಸಾಬ ಮನೆಗೆ ಬಂದು, ಗುರುವಾರ ಹೋಗೋಣ, ಗಾಡಿ ತೆಗೆಯುತ್ತೀರಲ್ಲ ಎಂದು ಕೇಳಿದರು. ಎಂದಿನ ದನಿ, ಎಂದಿನ ಟವೆಲು. ಆ ವಿಡಿಯೋವನ್ನು ಅವರು ನೋಡಿದ್ದಾರೋ ಇಲ್ಲವೋ ಎಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.